ಮಂಗಳವಾರ ಸಂಜೆ ನಮಗಾಗಿ ಕಾಯುವ ದೋಣಿ



ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ವಾರದ ಮಧ್ಯೆ, ಆಫೀಸ್ ಮುಗಿಸಿಕೊಂಡು, ಹಾಯಿದೋಣಿ ರೇಸ್‌ಗೆ ಹೋಗೋದು! ಹೈದರಾಬಾದ್, ಪುಣೆ, ಚೆನ್ನೈನಲ್ಲಿರೋ ನಮಗೆ ಮಂಗಳವಾರ ಸಂಜೆ ಏಳು ಗಂಟೆ ಅಂದ್ರೆ ಒಂದೋ ಟ್ರಾಫಿಕ್, ಇಲ್ಲಾ ಯುಎಸ್ ಟೀಮ್ ಜೊತೆ ಕಾಲ್. ಆದ್ರೆ ನಾವು ಬುಧವಾರ ಬೆಳಗ್ಗೆ ಏಳೂವರೆಗೆ ಕಾಫಿ ಕುಡಿಯುವ ಹೊತ್ತಲ್ಲಿ ಸಿಯಾಟಲ್‌ನಲ್ಲಿ ಇನ್ನೂ ಮಂಗಳವಾರ ಸಂಜೆ ಏಳು. ಬೇಸಿಗೆ ಆಗಿದ್ರೆ, ಊರಿನ ನಡುವೆ ಇರುವ ಲೇಕ್ ಯೂನಿಯನ್ ಕೆರೆಯಲ್ಲಿ ಆಗ ಹತ್ತಾರು ಹಾಯಿದೋಣಿಗಳು ರೇಸ್‌ಗೆ ನಿಂತಿರುತ್ತವೆ.

ಇದರ ಹೆಸರು ಡಕ್ ಡಾಡ್ಜ್. 1974ರಿಂದ ನಡೆಯುತ್ತಿದೆ. ಅಮೆರಿಕದ ಬಹಳಷ್ಟು ಯಾಟ್ ಕ್ಲಬ್‌ಗಳಲ್ಲಿ ವಾರದ ಮಧ್ಯೆ ಇಂಥ ರೇಸ್‌ಗಳಿವೆ, ಅವಕ್ಕೆ ಬಿಯರ್ ಕ್ಯಾನ್ ರೇಸ್ ಅಂತ ಅಡ್ಡಹೆಸರು. ಡಕ್ ಡಾಡ್ಜ್ ಅವುಗಳಲ್ಲೂ ಸ್ವಲ್ಪ ತಮಾಷೆಯದು. ಅಲ್ಲಿನ ಪ್ರಸಿದ್ಧ ನಿಯಮ ಏನು ಗೊತ್ತಾ? ನಿಮ್ಮ ದೋಣಿಯಿಂದಾಗಿ ಯಾವ ಬಾತುಕೋಳಿಯೂ ದಾರಿ ಬದಲಿಸಬಾರದು. ನಮ್ಮ ಬೀದಿ ಕ್ರಿಕೆಟ್‌ನಲ್ಲಿ ‘ಕಾಂಪೌಂಡ್ ಒಳಗೆ ಹೋದ್ರೆ ಔಟ್’ ಅಂತ ಇರಲಿಲ್ವಾ, ಹಾಗೆ. ಗೆದ್ದವರಿಗೆ ಸಿಗೋದು ಬಾತುಕೋಳಿ ಚಿತ್ರದ ಒಂದು ಸ್ಟಿಕ್ಕರ್. ಒಂದು ವಾರ ಎಲ್ಲರೂ ಪೈಜಾಮದಲ್ಲಿ ಬರ್ತಾರೆ, ಇನ್ನೊಂದು ವಾರ ಕಡಲ್ಗಳ್ಳರ ವೇಷ.

ತಮಾಷೆ ಅಂದ ಮಾತ್ರಕ್ಕೆ ಆಟ ಸಸಾರ ಅಲ್ಲ. ಹಾಯಿದೋಣಿಗೆ ಬ್ರೇಕ್ ಇಲ್ಲ. ಕಾಲ್ಪನಿಕ ಗೆರೆಯ ಹಿಂದೆ ಸುತ್ತುತ್ತಾ, ಗಡಿಯಾರ ನೋಡುತ್ತಾ, ಹಾರ್ನ್ ಆಗುವ ಕ್ಷಣಕ್ಕೆ ಸರಿಯಾಗಿ ಗೆರೆ ದಾಟಬೇಕು. ಮೊದಲೇ ದಾಟಿದ್ರೆ ವಾಪಸ್ ಬಂದು ಮತ್ತೆ ಶುರು. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗೋಕಾಗಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆ ಹತ್ತಿದ ಹಾಗೆ ಹೋಗಬೇಕು. ಎರಡು ದೋಣಿ ಎದುರಾದರೆ, ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಗಡೆಯಿಂದ ಗಾಳಿ ಪಡೆಯುವುದು ದಾರಿ ಬಿಡಬೇಕು. ಸಾಮಾನ್ಯವಾಗಿ ಇಂಥ ರೇಸ್‌ಗಳಲ್ಲಿ ನೀರಿನ ಮೇಲೆ ಅಂಪೈರ್ ಇರಲ್ಲ. ತಪ್ಪು ಮಾಡಿದವರು ತಾವೇ ಒಪ್ಪಿಕೊಂಡು, ದೋಣಿಯನ್ನು ಎರಡು ಸುತ್ತು ತಿರುಗಿಸಿ, ಮುಂದೆ ಹೋಗ್ತಾರೆ.

ನಮ್ಮಂಥ ಎಂಜಿನಿಯರ್‌ಗಳಿಗೆ ಇಷ್ಟವಾಗೋ ಇನ್ನೊಂದು ವಿಷಯ ಇದೆ. ಕ್ಲಬ್ ರೇಸ್‌ಗಳಲ್ಲಿ ಹಳೇ ದೋಣಿ, ಹೊಸ ದೋಣಿ, ಚಿಕ್ಕದು, ದೊಡ್ಡದು ಎಲ್ಲ ಒಟ್ಟಿಗೆ ಓಡ್ತವೆ. ಇದನ್ನು ಸರಿದೂಗಿಸೋಕೆ ಪಿಎಚ್‌ಆರ್‌ಎಫ್ ಅಂತ ಒಂದು ಲೆಕ್ಕ. ಪ್ರತಿ ದೋಣಿಗೂ ‘ಒಂದು ನಾಟಿಕಲ್ ಮೈಲಿಗೆ ಇಷ್ಟು ಸೆಕೆಂಡ್’ ಅಂತ ಒಂದು ಸಂಖ್ಯೆ ಕೊಡ್ತಾರೆ. ವೇಗದ ದೋಣಿಗೆ 72, ನಿಧಾನದ ದೋಣಿಗೆ 180 ಅಂತ ಇಟ್ಕೊಳ್ಳಿ. ವ್ಯತ್ಯಾಸ 108. ರೇಸ್ ನಾಲ್ಕು ಮೈಲಿ ಇದ್ರೆ 432 ಸೆಕೆಂಡ್, ಅಂದ್ರೆ 7 ನಿಮಿಷ 12 ಸೆಕೆಂಡ್. ನಿಧಾನದ ದೋಣಿ ಅಷ್ಟರೊಳಗೆ ಹಿಂದೆಯೇ ಬಂದ್ರೆ ಅದೇ ಗೆದ್ದ ಹಾಗೆ. ಈ ರಿಯಾಯಿತಿ ದೋಣಿಗೆ ಮಾತ್ರ, ನಡೆಸುವವರಿಗೆ ಇಲ್ಲ. ನಿಮ್ಮ ಕೈಗೆ ಸಿಕ್ಕಿರೋ ದೋಣಿಯನ್ನು ನೀವೆಷ್ಟು ಚೆನ್ನಾಗಿ ನಡೆಸಿದ್ರಿ ಅನ್ನೋದಷ್ಟೇ ಪ್ರಶ್ನೆ. ಅಪ್ರೈಸಲ್‌ನಲ್ಲಿ ಬೆಲ್ ಕರ್ವ್ ನೋಡಿ ಸುಸ್ತಾದವರಿಗೆ ಇದು ಎಷ್ಟು ಸಮಾಧಾನ ಅಂತ ಹೇಳಬೇಕಾಗಿಲ್ಲ.

ಆದ್ರೆ ನಾನು ಮುಖ್ಯವಾಗಿ ಹೇಳೋಕೆ ಬಂದಿರೋದು ಬೇರೆ.

ದೋಣಿ ರೇಸ್ ಅಂದ ಕೂಡಲೇ ‘ಅದು ದುಡ್ಡಿರೋರ ಆಟ’ ಅಂತೀವಿ. ದೋಣಿ ಇಟ್ಕೊಳ್ಳೋದು ದುಬಾರಿ, ನಿಜ. ಆದ್ರೆ 30 ಅಡಿಯ ದೋಣಿ ರೇಸ್ ಮಾಡೋಕೆ ಐದಾರು ಜನ ಬೇಕು: ಚುಕ್ಕಾಣಿಗೆ ಒಬ್ಬರು, ದೊಡ್ಡ ಹಾಯಿಗೆ ಒಬ್ಬರು, ಮುಂದಿನ ಹಾಯಿಯ ಹಗ್ಗ ಎಳೆಯೋಕೆ ಇಬ್ಬರು, ಹೀಗೆ. ಪ್ರತಿ ವಾರ ಅಷ್ಟು ಜನರನ್ನು ಸೇರಿಸೋದು ಮಾಲೀಕರಿಗೆ ದೊಡ್ಡ ತಲೆನೋವು. ಹಾಗಾಗಿ ಏನೂ ಬಾರದವರಿಗೂ ಜಾಗ ಇರುತ್ತೆ. ಗಾಳಿಗೆ ದೋಣಿ ವಾಲಿದಾಗ ಮೇಲೆದ್ದ ಅಂಚಿಗೆ ಹೋಗಿ, ಕಾಲು ಹೊರಗೆ ಇಳಿಬಿಟ್ಟು ಕೂತರೆ ಸಾಕು. ನಿಮ್ಮ ತೂಕವೇ ನಿಮ್ಮ ಕೊಡುಗೆ!

ಆನ್‌ಸೈಟ್ ಅಂತ ಸಿಯಾಟಲ್‌ನಲ್ಲಿ ಒಂದು ಬೇಸಿಗೆ ಇದ್ದಾಗ ನಾನೂ ಹೀಗೆ ತೂಕವಾಗಿ ಹೋಗ್ತಿದ್ದೆ. ಒಂದು ಮಂಗಳವಾರ ಜ್ವರ ಬಂದು ಹೋಗಲಿಲ್ಲ. ಮಾರನೇ ದಿನ ಮೆಸೇಜ್ ಬಂತು: ‘ಎಲ್ಲಿದ್ದೆ? ಗಾಳಿ ಜೋರಾಗಿತ್ತು, ನೀನು ಬೇಕಾಗಿತ್ತು.’ ಆ ಊರಲ್ಲಿ ಆಫೀಸಿನವರನ್ನು ಬಿಟ್ಟು ಬೇರೆಯವರು ನನ್ನನ್ನು ಹುಡುಕಿದ್ದು ಅದೇ ಮೊದಲು.

ಊರು ಬಿಟ್ಟು ಬಂದ ನಮಗೆ ಕಡಿಮೆ ಇರೋದು ಇದೇ ಅನ್ಸುತ್ತೆ. ಫ್ಲ್ಯಾಟ್ ಇದೆ, ವಾಟ್ಸಾಪ್ ಗ್ರೂಪ್ ಇದೆ, ರಾಜ್ಯೋತ್ಸವಕ್ಕೆ ಕನ್ನಡ ಸಂಘ ಇದೆ. ಆದ್ರೆ ಒಂದು ಮಾಮೂಲಿ ಮಂಗಳವಾರ ನಾವು ಬರದಿದ್ರೆ ‘ಯಾಕೆ ಬರಲಿಲ್ಲ’ ಅಂತ ಕೇಳೋರು ಎಷ್ಟು ಜನ? ಊರಲ್ಲಾದ್ರೆ ಎರಡು ದಿನ ಕಾಣಿಸದಿದ್ರೆ ಹಾಲಿನವರೇ ವಿಚಾರಿಸ್ತಿದ್ರು.

ನಮ್ಮಲ್ಲಿ ಹಾಗೇ ವಾರದ ಮಧ್ಯೆ ರೇಸ್ ಮಾಡೋದು ಕಷ್ಟ. ಜೂನ್‌ನಲ್ಲಿ ಸಿಯಾಟಲ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ 9 ದಾಟಿದ ಮೇಲೆ, ಹೈದರಾಬಾದ್‌ನಲ್ಲಿ ಏಳರೊಳಗೆ. ಆದ್ರೆ ಶನಿವಾರ, ಭಾನುವಾರ ಇದೆಯಲ್ಲ. ಹೈದರಾಬಾದ್‌ನಲ್ಲಿರೋರಿಗೆ ಹುಸೇನ್ ಸಾಗರ ಇದೆ, ಮಳೆಗಾಲದ ಗಾಳಿಯಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೀತವೆ. ಚೆನ್ನೈ ಬಂದರಿನಲ್ಲಿ 1911ರಲ್ಲಿ ಶುರುವಾದ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಇದೆ. ಮುಂಬೈನವರಿಗೆ ಗೇಟ್‌ವೇ ಆಫ್ ಇಂಡಿಯಾ ಎದುರಿನ ನೀರೇ ಇದೆ, ಮಳೆಗಾಲ ಕಳೆದ ಮೇಲೆ. ಕಲಿಯೋಕೆ ಜಾಗ ಇದೆಯಾ, ಹಗ್ಗ ಎಳೆಯೋಕೆ ಜನ ಬೇಕಾ ಅಂತ ಒಮ್ಮೆ ಕೇಳಿ ನೋಡಿ.

ನೀರು ಕಂಡ್ರೆ ಭಯ ಅನ್ನೋರು ಬೇರೇನಾದ್ರೂ ಹುಡುಕಿ: ಶಟಲ್, ಭಜನೆ, ನಾಟಕದ ಪ್ರಾಕ್ಟೀಸ್, ಯಾವುದಾದ್ರೂ ಸರಿ. ನಾನು ಕೇಳೋದು ಮೂರೇ. ವಾರಕ್ಕೊಂದು ಗೊತ್ತಾದ ದಿನ ಇರಲಿ. ಜನ ಕಡಿಮೆ ಇರಲಿ, ಐದೋ ಆರೋ. ಒಬ್ಬರು ಬರದಿದ್ರೆ ಉಳಿದವರಿಗೆ ಕೆಲಸ ಕೆಡುವಂತಿರಲಿ. ಆ ಮೂರನೇದು ಬಹಳ ಮುಖ್ಯ, ಯಾಕಂದ್ರೆ ಆಗ ಮಾತ್ರ ಅವರು ಫೋನ್ ಮಾಡ್ತಾರೆ.

ಮುಂದಿನ ವಾರ ಯಾವ ದಿನ ಅಂತ ಈಗಲೇ ಯೋಚನೆ ಮಾಡಿ.