ಬೀನ್ಸ್ ಗೂಟಕ್ಕೆ ಏನು ಬಳಿಯೋಣ?



ನಮ್ಮ ಲೈನ್ ಮನೆಗಳ ಹಿಂದೆ ಗೇಣು ಜಾಗವಿದ್ದರೂ ಬೀನ್ಸ್, ಬಟಾಣಿ, ಟೊಮೆಟೊ ಬೆಳೆಯುತ್ತೇವೆ. ಗೂಡಲೂರು ಕಡೆಯವರಿಗೆ ಜೂನ್ ತಿಂಗಳಿಂದ ಮಳೆ; ಕೋತಗಿರಿ, ಕೂನೂರಿನವರಿಗೆ ಅಕ್ಟೋಬರ್, ನವೆಂಬರ್ ಮಳೆಯೇ ಜೋರು. ಎಲ್ಲಿದ್ದರೂ ಮಳೆ ಮುಗಿಯುವಾಗ ಗಿಡಕ್ಕೆ ಕೊಟ್ಟ ಗೂಟ ಬುಡದಲ್ಲಿ ಮುರಿದು ಬಿದ್ದಿರುತ್ತದೆ. ಗೂಟ ಉಳಿಯಲಿ ಎಂದು ಕೈಗೆ ಸಿಕ್ಕಿದ್ದನ್ನು ಬಳಿಯುತ್ತೇವೆ. ಆ ಮಣ್ಣಿನಲ್ಲಿ ಬೆಳೆದದ್ದನ್ನು ಉಣ್ಣುವವರು ನಮ್ಮ ಮಕ್ಕಳು. ಆದ್ದರಿಂದ ಈ ಮಾತು.

ಮುರಿದ ಗೂಟವೊಂದನ್ನು ತೆಗೆದು ನೋಡೋಣ. ಮೇಲುಭಾಗ ಗಟ್ಟಿಯಾಗಿಯೇ ಇದೆ. ಮಣ್ಣಿನ ಮಟ್ಟದಲ್ಲಿ ಮಾತ್ರ ಹೆಚ್ಚು ಕೊಳೆತಿದೆ. ಮರವನ್ನು ಕೊಳೆಸುವ ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಕೂಡಿ ಸಿಗುವ ಜಾಗ ಅದೇ. ನಾವು ಕಾಯಬೇಕಾದದ್ದೂ ಆ ಒಂದು ಗೇಣನ್ನೇ.

ಲಾರಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲನ್ನು ಡಬ್ಬದಲ್ಲಿ ತಂದು ನಾವೂ ಬಳಿದವರೇ. ಕಾಸಿಲ್ಲದೆ ಸಿಕ್ಕಿತೆಂದು ಸಂತೋಷಪಟ್ಟವರೇ. ಆದರೆ ಆ ಆಯಿಲಿನಲ್ಲಿ ಎಂಜಿನ್ ಸವೆದ ಲೋಹದ ಪುಡಿ ಇರುತ್ತದೆ. ಕ್ಯಾನ್ಸರ್ ತರಬಲ್ಲ ವಸ್ತುಗಳೂ ಇರುತ್ತವೆ. ಮಳೆ ಅವನ್ನೆಲ್ಲ ಮಣ್ಣಿಗೆ ಇಳಿಸುತ್ತದೆ. ತಾರು, ಕ್ರಿಯೋಸೋಟ್ ಬಳಿದ ಹಳೇ ಕಂಬದ ತುಂಡುಗಳೂ ತರಕಾರಿ ಪಾತಿಗೆ ಬೇಡ.

ಹಸಿರು ಛಾಯೆಯ, ಮದ್ದು ಕುಡಿಸಿದ ಕಂಬಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವದರಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಎಂಬ ಪಾಷಾಣವೂ ಸೇರಿರುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಕ್ಕೆ ಈ ಮದ್ದನ್ನು ಕೊಡುವುದನ್ನು ನಿಲ್ಲಿಸಿದರು. ಅಕ್ಕಂದಿರೇ, ಇಂಥ ತುಂಡನ್ನು ಒಲೆಗೆ ಮಾತ್ರ ಇಡಬೇಡಿ. ವಿಷ ಹೊಗೆಯಲ್ಲೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಅದೇ ಬೂದಿಯನ್ನು ಗಿಡಕ್ಕೆ ಹಾಕುತ್ತೇವೆ.

ಹಾಗಾದರೆ ಏನು ಮಾಡೋಣ?

ಮೊದಲು, ಮರ ಆರಿಸುವುದು. ಎಳೆಯ ಕೊಂಬೆಗಿಂತ ಚೇಗು ಇರುವ ಮರ ಹೆಚ್ಚು ದಿನ ಬಾಳುತ್ತದೆ. ನೆರಳುಮರ ಸವರಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆಯನ್ನು ಕೇಳಿ ತಂದರೂ, ಅದು ಒಂದೆರಡು ಬೆಳೆಗೆ ಸಾಕೆಂದು ತಿಳಿಯಿರಿ. ತೊಗಟೆ ಸುಲಿದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ನೀರು ನಿಲ್ಲದಂತೆ ಮೇಲುತುದಿಯನ್ನು ಓರೆಯಾಗಿ ಕಡಿಯಿರಿ. ಬಿದಿರಾದರೆ ಬಲಿತದ್ದನ್ನೇ ಆರಿಸಿ ಕೆಲವು ವಾರ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಹುಳು ಕಡಿಮೆ.

ಎರಡನೆಯದು, ಬುಡ ಸುಡುವುದು. ಇದರಿಂದ ಮಣ್ಣಿಗೆ ವಿಷವಿಲ್ಲ. ಆದರೆ ಕರಿ ಹಿಡಿಯುವುದು ಮೇಲಿನ ಪದರ ಮಾತ್ರ. ಬಿರುಕಿನಲ್ಲಿ ನೀರು ಇಳಿಯುತ್ತದೆ. ಅದನ್ನೇ ನಂಬಿ ಕೂರಬಾರದು.

ಮೂರನೆಯದು, ಅಗಸೆ ಎಣ್ಣೆ. ಏನೂ ಬೆರೆಸದ ಹಸಿ ಎಣ್ಣೆಯನ್ನೇ ಕೇಳಿ. ಪೇಂಟ್ ಅಂಗಡಿಯ ‘ಬಾಯಿಲ್ಡ್’ ಎಣ್ಣೆಗೆ ಬೇಗ ಒಣಗಲೆಂದು ಸಾಮಾನ್ಯವಾಗಿ ಲೋಹದ ಲವಣ ಸೇರಿಸಿರುತ್ತಾರೆ. ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆಯೇ ನೆಡಿ. ಒಣಗಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಒಂದು ಮನೆಗೆ ಹತ್ತಿದ ಬೆಂಕಿ ಲೈನಿಗೆಲ್ಲ ಹತ್ತೀತು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ನಾಲ್ಕನೆಯದು, ಏನೂ ಬಳಿಯದ ದಾರಿ. ನಮಗೆ ಹೆಚ್ಚು ಮೆಚ್ಚಾದದ್ದೂ ಇದೇ. ಎರಡು ಮೊಳದ ಕಬ್ಬಿಣದ ಸಲಾಕೆಯನ್ನು ಅರ್ಧ ನೆಲದೊಳಗೆ ಹೊಡೆಯಿರಿ. ಮರದ ಗೂಟದ ಬುಡ ನೆಲದಿಂದ ಎರಡು ಬೆರಳು ಮೇಲಿರುವಂತೆ ಅದಕ್ಕೆ ಎರಡು ಕಡೆ ಬಿಗಿಯಾಗಿ ಕಟ್ಟಿ. ಮರ ಮಣ್ಣು ಮುಟ್ಟದಿದ್ದರೆ ಕೊಳೆಯುವುದು ಬಹಳ ಕಡಿಮೆ. ಬೆಳೆ ಮುಗಿದೊಡನೆ ಕಿತ್ತು, ಮಣ್ಣು ಕೊಡವಿ, ಸೂರಿನ ಕೆಳಗೆ ಒಣಗಿಸಿಡಿ.

ಗೂಟ ಹೋದರೆ ಇನ್ನೊಂದು ಗೂಟ ಸಿಕ್ಕೀತು. ಒಮ್ಮೆ ಕೆಟ್ಟ ಮಣ್ಣನ್ನು ಹಾಗೆ ಬದಲಿಸಲಾದೀತೇ? ಇಂದು ಮನೆಗೆ ಹೋದ ಮೇಲೆ ಹಿತ್ತಲಿನ ಗೂಟಗಳನ್ನು ಒಮ್ಮೆ ನೋಡೋಣ. ಆಯಿಲ್ ಬಳಿದವಿದ್ದರೆ ಈ ವಾರವೇ ಕಿತ್ತು ತೆಗೆಯೋಣ.