ಒಂದೇ ಗೇಮ್‌ಗೆ ಎರಡು ಸಲ ರೊಕ್ಕ ಯಾಕ?

ಸಣ್ಣವನಿದ್ದಾಗ ಬೆಳಗಾವಿ ಮನೆಯೊಳಗ ನನ್ನ ಪಿಎಸ್2, ಖಾನಾಪುರದಾಗ ಮಾಮಾನ ಮಗನ ಪಿಎಸ್‌ಪಿ. ಎರಡೂ ಸೋನಿಯವೇ. ಆದರೂ ನನ್ನ ಡಿವಿಡಿ ಅವನ ಯಂತ್ರಕ್ಕೆ ಕೂಡ್ತಿರಲಿಲ್ಲ, ಅವನ ಯುಎಂಡಿ ನನ್ನದಕ್ಕೆ. ಅದೇ ಗೇಮ್‌ಗೆ ಅಪ್ಪಾನೂ ರೊಕ್ಕ ಕೊಟ್ರು, ಮಾಮಾನೂ ಕೊಟ್ರು.

2017ರ ಮಾರ್ಚ್ 3ಕ್ಕೆ ಬಂದ ನಿಂಟೆಂಡೊ ಸ್ವಿಚ್‌ನಲ್ಲಿ ಕಾರ್ಟ್ರಿಜ್ ಒಂದೇ: ಡಾಕ್‌ಗೆ ಇಟ್ರೆ ಟಿವಿ, ತೆಗೆದ್ರೆ ಕೈಯಾಗ. ಸಣ್ಣ ಯಂತ್ರಕ್ಕಂತ ಗ್ರಾಫಿಕ್ಸ್ ತಗ್ಗಿಸಬೇಕಾಗ್ತದ, ಖರೆ. 3ಡಿಎಸ್‌ನ ಎರಡು ಪರದೆ ಆಟದಂಥ ಮಜಾನೂ ಕಳಕೊಂಡ್ವಿ.

ಸೋನಿಯ 2023ರ ಪ್ಲೇಸ್ಟೇಷನ್ ಪೋರ್ಟಲ್ ಬಂದಿದ್ದು ವೈಫೈ ಮೇಲೆ ಪಿಎಸ್5 ಗೇಮ್ ಆಡ್ಲಿಕ್ಕೆ. ಮಳಿಗಾಲದಾಗ ಖಾನಾಪುರದಾಗ ಕರೆಂಟ್ ಹೋದ್ರ ವೈಫೈನೂ ಹೋತು. ಆವಾಗ ಯಂತ್ರದೊಳಗಿರೋ ಗೇಮ್ ಅಷ್ಟೇ ನಮ್ಮದು. ಬಿಕಾಂ ಓದಿದವನ ಲೆಕ್ಕ ಇದು. ನೀವೇನಂತೀರಿ?