ನುಡಿ ಬದಲಾಗುವುದು ಬಾಳು ಬದಲಾದಾಗ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಭಾನುವಾರದ ಓದುಕೂಟದಲ್ಲಿ ನಮ್ಮ ಸಂಘಟಕರೊಬ್ಬರು ಮಾಡಿದ ಭಾಷಣ)

ಈ ದಿನ ನಾವು ಕೂಲಿಯ ವಿಷಯವನ್ನಾಗಲಿ, ಬೆಲೆಯೇರಿಕೆಯ ವಿಷಯವನ್ನಾಗಲಿ ನೇರವಾಗಿ ಎತ್ತಿಕೊಂಡಿಲ್ಲ. ಮಾತಿನ ವಿಷಯ ಎತ್ತಿಕೊಂಡಿದ್ದೇವೆ. ಹೊಟ್ಟೆಗಿಲ್ಲದವನಿಗೆ ವ್ಯಾಕರಣದ ಉಪದೇಶವೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಮಾತಿಗೂ ಹೊಟ್ಟೆಗೂ ಹತ್ತಿರದ ನಂಟುಂಟು. ಅದನ್ನು ತೋರಿಸುವುದೇ ಈ ಹೊತ್ತಿನ ಉದ್ದೇಶ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಕೆಲವು ವರ್ಷ ಹುಡುಗರಿಗೆ ಪಾಠ ಹೇಳಿದವರು. ಒಂದು ದಿನ ಕೂಲಿಕಾರನ ಮಗನೊಬ್ಬ ಎದ್ದು ನಿಂತು ‘ಅಸು ಉಲ್ಲು ತಿಂತದೆ’ ಎಂದು ಓದಿದ. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ‘ಹಕಾರ ಮನೆಯಲ್ಲಿ ಬಿಟ್ಟು ಬಂದೆಯೇನೋ’ ಎಂದೆವು. ಆ ಹುಡುಗ ಮಾರನೆಯ ದಿನದಿಂದ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತ ನಿಲ್ಲುತ್ತಿದ್ದ. ವರ್ಷ ಮುಗಿಯುವುದರೊಳಗೆ ಶಾಲೆ ಬಿಟ್ಟ.

ಆಮೇಲೆ ನಾವು ಹಳಗನ್ನಡದ ಪುಸ್ತಕಗಳನ್ನು ತಿರುವಿ ಹಾಕಿದಾಗ ನಾಚಿಕೆಪಡುವ ಸಂಗತಿ ತಿಳಿಯಿತು. ಈಗಿನ ‘ಹಾಲು’ ಒಂದು ಕಾಲದಲ್ಲಿ ‘ಪಾಲ್’ ಆಗಿತ್ತು. ‘ಹುಲ್ಲು’ ‘ಪುಲ್’ ಆಗಿತ್ತು. ‘ಹಳ್ಳಿ’ ‘ಪಳ್ಳಿ’ ಆಗಿತ್ತು. ದಿನವೂ ನಿಮ್ಮ ಕೈಗೆ, ಮೂಗಿಗೆ ಅಂಟುವ ಈ ‘ಹತ್ತಿ’ ಕೂಡ ‘ಪತ್ತಿ’ ಎಂದಿತ್ತು. ಸುಮಾರು ಸಾವಿರ ವರ್ಷದ ಹಿಂದೆ ಪಕಾರ ಸಡಿಲಗೊಂಡು ಹಕಾರವಾಗತೊಡಗಿತು. ಕೆಲವು ಶತಮಾನಗಳಲ್ಲಿ ನಾಡೆಲ್ಲ ‘ಹಾಲು’ ಎಂದಿತು. ಮೊದಲು ಹಾಗೆ ಅಂದವರನ್ನು ಆ ಕಾಲದ ಪಂಡಿತರು ನೋಡಿ ನಕ್ಕಿದ್ದರೂ ಆಶ್ಚರ್ಯವಿಲ್ಲ. ‘ಪ’ ಹೋಗಿ ‘ಹ’ ಬಂದದ್ದು ಶುದ್ಧ ಕನ್ನಡವಾದರೆ, ‘ಹ’ವೂ ಹೋಗಿ ‘ಅತ್ತಿ’ ಆದದ್ದು ಅಶುದ್ಧ ಹೇಗಾಯಿತು? ಆ ಹುಡುಗ ಕನ್ನಡವನ್ನು ಕೆಡಿಸಿರಲಿಲ್ಲ. ಅದು ನಡೆದು ಬಂದ ದಾರಿಯಲ್ಲಿಯೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದ, ಅಷ್ಟೆ. ಬರವಣಿಗೆಗೆ ಎಲ್ಲರಿಗೂ ಒಪ್ಪಿತವಾದ ಒಂದು ರೂಪ ಬೇಕು, ಅದನ್ನು ಕಲಿಸಬೇಕು, ನಿಜ. ಆದರೆ ಕಲಿಸುವುದು ಬೇರೆ, ನಗುವುದು ಬೇರೆ.

ಧ್ವನಿ ಹೀಗೆ ತಾನಾಗಿ ಬದಲಾಗುತ್ತದೆ. ಆದರೆ ಶಬ್ದದ ಅರ್ಥ ಸುಮ್ಮನೆ ಬದಲಾಗುವುದಿಲ್ಲ. ಅದರ ಹಿಂದೆ ಜನರ ಸೋಲು ಗೆಲುವುಗಳಿರುತ್ತವೆ. ಎರಡು ಶಬ್ದಗಳನ್ನು ನೋಡೋಣ.

‘ಜೀತ’ ಎಂಬುದು ‘ಜೀವಿತ’ದಿಂದ ಬಂದ ಶಬ್ದ. ಹಿಂದೆ ಇದಕ್ಕೆ ಸಂಬಳ, ಸೇವೆಗೆ ದೊರೆಯುವ ಜೀವನೋಪಾಯ ಎಂಬ ಅರ್ಥವಿತ್ತು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಸಾಲ ತೀರಿಸಲಾರದೆ ಬಡವನು ಒಡೆಯನ ಕೊಟ್ಟಿಗೆಗೆ ಕಟ್ಟುಬಿದ್ದ ಮೇಲೆ ಅದೇ ಶಬ್ದಕ್ಕೆ ಗುಲಾಮಗಿರಿಯ ಅರ್ಥ ಅಂಟಿತು. ಮನುಷ್ಯನ ಜೊತೆಗೆ ಶಬ್ದವೂ ಕೆಳಗಿಳಿಯಿತು. 1976ರ ಕಾಯಿದೆ ಜೀತ ಪದ್ಧತಿಯನ್ನು ರದ್ದು ಮಾಡಿತು. ಶಬ್ದಕ್ಕೆ ಅಂಟಿದ ಕಹಿ ಮಾತ್ರ ಇನ್ನೂ ಹೋಗಿಲ್ಲ.

ಇನ್ನೊಂದು ಶಬ್ದ ‘ಬೋನಸ್’. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಲೆ ಏರಿದಾಗ, 1917ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ಕೂಲಿಯ ಮೇಲೆ ನೂರಕ್ಕೆ 10ರಂತೆ ಯುದ್ಧದ ಬೋನಸ್ ಕೊಟ್ಟರು. ಅವರ ಬಾಯಲ್ಲಿ ಅದರ ಅರ್ಥ ಭಕ್ಷೀಸು. ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು. ಮುಂದೆ ಅದನ್ನು ನಿಲ್ಲಿಸಿದಾಗ 1924ರ ಆರಂಭದಲ್ಲಿ ಲಕ್ಷಕ್ಕೂ ಮೀರಿದ ಕೆಲಸಗಾರರು ಮುಷ್ಕರ ಹೂಡಿದರು. ಬೋನಸ್ ಕೇಳಲು ಕಾಯಿದೆಯ ಪ್ರಕಾರ ಕೆಲಸಗಾರರಿಗೆ ಹಕ್ಕಿಲ್ಲವೆಂದು ವಿಚಾರಣಾ ಸಮಿತಿ ಹೇಳಿತು. ಮುಷ್ಕರ ಸೋತಿತು. ಆದರೆ ಜಗಳ ನಿಲ್ಲಲಿಲ್ಲ. ನ್ಯಾಯಮಂಡಲಿಗಳ ಮುಂದೆ, ಗಿರಣಿಯ ಬಾಗಿಲ ಮುಂದೆ ನಡೆಯುತ್ತಲೇ ಬಂತು. 1965ರಲ್ಲಿ ಬೋನಸ್ ಕಾಯಿದೆ ಆಯಿತು. ಕನಿಷ್ಠ ಬೋನಸ್ ಮೊದಲು ನೂರಕ್ಕೆ 4 ಇದ್ದುದು ಮುಂದೆ 8.33ಕ್ಕೆ ಏರಿತು. ಎಂದರೆ ವರ್ಷಕ್ಕೆ ಒಂದು ತಿಂಗಳ ಪಗಾರದಷ್ಟು. ಶಬ್ದ ಅದೇ, ಅಕ್ಷರಗಳೂ ಅವೇ. ಅರ್ಥ ಮಾತ್ರ ಭಕ್ಷೀಸಿನಿಂದ ಹಕ್ಕಿಗೆ ಬಂತು. ಈ ಅರ್ಥವನ್ನು ಬದಲಿಸಿದವರು ನಿಘಂಟು ಬರೆದವರಲ್ಲ, ನಿಮ್ಮಂಥವರು.

ರೈತನ ಕಡೆಗೂ ನೋಡಿ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಇದ್ದ ದೊಡ್ಡ ತಕರಾರುಗಳಲ್ಲಿ ಒಂದು, ಗೇಣಿಯ ಭತ್ತ ಅಳೆಯುವ ಕೊಳಗದ್ದು. ಕೊಳಗವೆಂದರೆ ಎಷ್ಟು ಸೇರು? ಒಡೆಯನ ಅರ್ಥ ಒಂದು, ಉಳುವವನ ಅರ್ಥ ಒಂದು. ಬಲವಿದ್ದವನ ಅರ್ಥವೇ ಕಣದಲ್ಲಿ ನಡೆಯುತ್ತಿತ್ತು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಹೋಗಿ, ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಪಟ್ಟು ಹಿಡಿದರು. ಕೊಳಗದ ಜಗಳಕ್ಕೂ ಕನ್ನಡದ ಜಗಳಕ್ಕೂ ಅವರು ಭೇದ ಕಾಣಲಿಲ್ಲ. ಎರಡರಲ್ಲಿಯೂ ಪ್ರಶ್ನೆ ಒಂದೇ: ಅಳತೆ ಯಾರ ಕೈಯಲ್ಲಿದೆ?

ವ್ಯಾಪಾರಸ್ಥ ಬಂಧುಗಳಿಗೂ ಇದು ಹೊಸದಲ್ಲ. 1957ರ ಏಪ್ರಿಲ್ 1ರಂದು ಹೊಸ ಪೈಸೆ ಬಂತು. ಆಣೆ ಹೋಯಿತು. ಆದರೂ ‘ಹದಿನಾರಾಣೆ ಸತ್ಯ’ ಎಂಬ ಮಾತು ನಿಮ್ಮ ಬಾಯಲ್ಲಿ ಉಳಿಯಿತು. ನಾಣ್ಯಕ್ಕಿಂತ ನಾಲಿಗೆಯ ಆಯುಸ್ಸು ಹೆಚ್ಚು. ಅದೇ ರೀತಿ ಒಡೆಯ ಆಳು ಎಂಬ ಕಾಲ ಹೋಯಿತೆಂದು ಸಂವಿಧಾನ ಹೇಳಿದರೂ ಆ ಕಾಲದ ಮಾತು ನಮ್ಮ ನಾಲಿಗೆಯ ಮೇಲೆ ಕುಳಿತಿದೆ. ಮಡಿ ಬಟ್ಟೆಯ ಗಿರಾಕಿಗೆ ‘ಬನ್ನಿ ಸ್ವಾಮಿ’, ಎಣ್ಣೆಯ ಮಸಿ ಮೆತ್ತಿದ ಗಿರಾಕಿಗೆ ‘ಏನೋ ಬೇಕು?’ ಇಬ್ಬರ ರೂಪಾಯಿಗೂ ಬೆಲೆ ಒಂದೇ ಅಲ್ಲವೆ?

ವ್ಯಾಪಾರಸ್ಥರನ್ನಷ್ಟೇ ಅಂದರೆ ನ್ಯಾಯವಾಗಲಿಲ್ಲ. ನಮ್ಮ ಕಚೇರಿಯಲ್ಲಿಯೇ ಕಸ ಗುಡಿಸುವ ತಾಯಿಯನ್ನು, ವಯಸ್ಸಿನಲ್ಲಿ ನಮಗಿಂತ ಹಿರಿಯಳನ್ನು, ನಾವು ಬಹಳ ದಿನ ‘ಏ, ಬಾ ಇಲ್ಲಿ’ ಎಂದು ಕೂಗಿದ್ದೇವೆ. ಗೋಡೆಯ ಮೇಲೆ ಸಮಾನತೆಯ ಫಲಕ, ಬಾಯಲ್ಲಿ ಏಕವಚನ. ಮ್ಯಾನೇಜರು ನಮ್ಮನ್ನು ‘ಲೇ’ ಎಂದರೆ ಕೆರಳುವ ನಾವು, ನಮಗಿಂತ ಕೆಳಗೆ ಒಬ್ಬರಿದ್ದಾರೆಂದು ತಿಳಿದು ಅದೇ ಮಾತನ್ನು ಮುಂದಕ್ಕೆ ದಾಟಿಸುತ್ತಿದ್ದೆವು. ಅಪ್ಪ ಮಗನನ್ನು, ಗೆಳೆಯ ಗೆಳೆಯನನ್ನು ‘ನೀನು’ ಎನ್ನುವುದು ಪ್ರೀತಿ. ತಿರುಗಿ ‘ನೀನು’ ಎನ್ನಲಾಗದವರನ್ನು ‘ನೀನು’ ಎನ್ನುವುದು ದರ್ಪ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕೆಲವು ಕಾಲದ ಹಿಂದೆ ಹಿರಿಯ ಕೆಲಸಗಾರರೊಬ್ಬರು ಒಂದು ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದವರು. ಬಾಕಿ ಹಣದ ಕಾಗದವೆಂದು ಹೇಳಿ ಗಿರಣಿಯ ಕಚೇರಿಯವರು ಸಹಿ ಹಾಕಿಸಿಕೊಂಡಿದ್ದರು. ಕಾಗದ ಇಂಗ್ಲಿಷಿನಲ್ಲಿತ್ತು. ತಾನಾಗಿಯೇ ಕೆಲಸ ಬಿಡುತ್ತಿದ್ದೇನೆ, ಇನ್ನು ಯಾವ ಬಾಕಿಯೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ನಾವು ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ಏನು ಬರೆದಿದೆ ಅಂತ ಯಾಕೆ ಕೇಳಲಿಲ್ಲ ಯಜಮಾನರೆ?’ ಎಂದೆವು. ‘ಕೇಳಿದ್ರೆ ನಗ್ತಾರೆ ಅಂತ ಸುಮ್ನಾದೆ ಮೇಷ್ಟ್ರೆ’ ಎಂದರು.

ಬಂಧುಗಳೆ, ಆ ಮಾತು ಕೇಳಿದಾಗ ನಮಗೆ ನೆಲ ನೋಡುತ್ತ ನಿಂತ ಆ ಹುಡುಗ ನೆನಪಾದ. ನಗೆಯ ಭಯವನ್ನು ಶಾಲೆಯಲ್ಲಿ ಬಿತ್ತಿದವರು ನಮ್ಮಂಥ ಮೇಷ್ಟರು. ಅದರ ಬೆಳೆ ಕೊಯ್ದುಕೊಂಡವರು ಮಾಲೀಕರು.

ಕೆಲಸದ ಷರತ್ತುಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಫಲಕದಲ್ಲಿ ಹಾಕಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆಯೇ ಹೇಳಿತ್ತು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕಾಯಿದೆ 1963ರಲ್ಲಿ ಆಯಿತು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು, ಕೇಳುವ ಬಾಯಿಯೂ ಬೇಕು. ಇಂಗ್ಲಿಷ್ ಕಲಿಯಬೇಡಿ ಎಂದು ನಾವು ಹೇಳುವುದಿಲ್ಲ. ನಿಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ನಿಮ್ಮ ಅನ್ನದ ಮಾತು ನಿಮಗೆ ತಿಳಿಯದ ಭಾಷೆಯಲ್ಲಿ ತೀರ್ಮಾನವಾಗಕೂಡದು. ತೆರಿಗೆಯ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಸಣ್ಣ ಅಂಗಡಿಕಾರರ ಪಾಡೂ ಇದೇ.

ಆದ್ದರಿಂದ ಈ ಓದುಕೂಟ ಮೂರು ಗೊತ್ತುವಳಿಗಳನ್ನು ಒಪ್ಪಬೇಕೆಂದು ಕೇಳಿಕೊಳ್ಳುತ್ತೇವೆ. ಓದಿ ಹೇಳಿಸಿಕೊಳ್ಳದೆ ನಮ್ಮಲ್ಲಿ ಯಾರೂ ಯಾವ ಕಾಗದಕ್ಕೂ ಸಹಿ ಹಾಕಬಾರದು; ಸಂಜೆ ಆರರಿಂದ ಎಂಟರವರೆಗೆ ಓದಿ ಹೇಳಲು ಕಚೇರಿಯಲ್ಲಿ ಒಬ್ಬರು ಕುಳಿತಿರುತ್ತಾರೆ. ಈ ಕೂಟದಲ್ಲಿ ಯಾರು ಯಾವ ಕನ್ನಡ ಆಡಿದರೂ ಯಾರೂ ನಗಕೂಡದು. ಗುಡಿಸುವವರಿಂದ ಅಧ್ಯಕ್ಷರವರೆಗೆ ಇಲ್ಲಿ ಎಲ್ಲರೂ ಎಲ್ಲರಿಗೂ ‘ನೀವು’.

ಆ ಹಿರಿಯರ ತಕರಾರು ಅರ್ಜಿಯನ್ನು ಕನ್ನಡದಲ್ಲಿಯೇ ಬರೆದಿದ್ದೇವೆ. ಕಾರ್ಮಿಕ ಅಧಿಕಾರಿಯ ಮುಂದೆ ಅದನ್ನು ಓದುವವರೂ ಅವರೇ. ಕಳೆದ ವಾರವಿಡೀ ಇದೇ ಕೋಣೆಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದಾರೆ. ‘ಹತ್ತಿ’ಯನ್ನು ಅವರು ‘ಅತ್ತಿ’ ಎಂದೇ ಓದುತ್ತಾರೆ. ನಾವು ತಿದ್ದಲಿಲ್ಲ. ವಿಚಾರಣೆಯ ದಿನ ನೀವೆಲ್ಲ ಬಂದು ಅವರ ಹಿಂದೆ ನಿಲ್ಲಬೇಕೆಂದು ಬೇಡುತ್ತೇವೆ.